ಅರಿಸಿನ ಕುಂಕುಮದ ಮನೆ

ಅವರು ನಿಧಾನವಾಗಿ ನಡೆದದ್ದನ್ನು ನಾನು ನೋಡಿದ್ದು ಕಡಿಮೆ. ಹಲಸೂರು ಬಜಾರಿನಲ್ಲಿ ಎಲ್ಲಿ ಕಂಡರೂ ಬಲಗೈಯಲ್ಲಿ ಸೀರೆಯ ನೆರಿಗೆಯನ್ನು ಒಂದು ಗೇಣು ಎತ್ತಿಕೊಂಡು, ಎಡಗೈಯನ್ನು ಮುಂದೆ ಚಾಚಿ, ಎದುರು ಬಂದವರನ್ನು ಪಕ್ಕಕ್ಕೆ ಸರಿಸುತ್ತ ಹೋಗುತ್ತಿದ್ದರು. ಸೊಪ್ಪು ತರಲು ಹೋಗುವಾಗಲೂ ಅದೇ ನಡೆ, ಮದುವೆ ಮನೆಗೆ ಹೋಗುವಾಗಲೂ ಅದೇ ನಡೆ. “ಏನಕ್ಕಾ, ಎಲ್ಲಿ ಬೆಂಕಿ ಬಿದ್ದಿದೆ?” ಎಂದು ಯಾರಾದರೂ ಕೇಳಿದರೆ, “ಬೀಳೋಕೆ ಮುಂಚೆ ಹೋಗೋಣ ಅಂತ” ಎನ್ನುತ್ತಿದ್ದರು.

ಹೋದ ಸೋಮವಾರ ಬೆಳಿಗ್ಗೆ ಅವರು ತೀರಿಕೊಂಡರು. ಐದು ದಿನದ ಜ್ವರ. ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು ನಾನು ಕೂತು ಪತ್ರ ಬರೆಯುವ ಜಗಲಿಗೆ ಅವರ ಬಾಡಿಗೆದಾರರಾದ ಜಟಕಾ ಸಾಹೇಬರು ಬಂದು ಹೇಳಿದರು. ನಾನು ಆಗ ಒಂದು ಕ್ರಯಪತ್ರದ ಚಕ್ಕುಬಂದಿ ಬರೆಯುತ್ತಿದ್ದೆ. ಸುದ್ದಿ ಕೇಳಿದ ಮೇಲೂ ಬರೆಯುತ್ತಲೇ ಇದ್ದೆ. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ದಕ್ಷಿಣ ದಿಕ್ಕನ್ನು ಎರಡು ಸಲ ಬರೆದಿದ್ದೆ, ಉತ್ತರವನ್ನು ಬಿಟ್ಟಿದ್ದೆ. ಆ ಕಾಗದವನ್ನು ಹರಿದುಹಾಕಿ, ಕಕ್ಷಿದಾರರಿಗೆ ನಾಳೆ ಬನ್ನಿ ಎಂದು ಹೇಳಿ ಎದ್ದೆ.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರ ತವರಿನವರು, ಗಂಡನ ಕಡೆಯವರು ಎಲ್ಲರೂ ಈ ಸುತ್ತಿನಲ್ಲೇ ಇದ್ದಾರೆ. ನಾನು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು ಇಷ್ಟನ್ನೇ ಬರೆಯುತ್ತೇನೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಹೇಳುತ್ತೇನೆ.

ಮುಖ್ಯವಾದ ಮಾತೇನಾದರೂ ಆಡಬೇಕಾದರೆ ಅವರು ಮೊದಲು ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಅದನ್ನು ಕಂಡ ಕೂಡಲೇ ನಮ್ಮ ಬೀದಿಯವರು ಮಾಡುತ್ತಿದ್ದ ಕೆಲಸ ಬಿಟ್ಟು ನೋಡುತ್ತಿದ್ದರು. ಯುದ್ಧದ ಕಾಲದಲ್ಲಿ ಒಮ್ಮೆ ಒಬ್ಬ ಬಿಳಿ ಸಿಪಾಯಿ ಅವರ ಇನ್ನೊಬ್ಬ ಬಾಡಿಗೆದಾರನಾದ ತಮಿಳು ದರ್ಜಿಯ ಹತ್ತಿರ ಷರಾಯಿ ಹೊಲಿಸಿಕೊಂಡು ಮಜೂರಿ ಕೊಡದೆ ಹೊರಟ. ಇವರು ಮರ್ಫಿ ಟೌನ್ ರಸ್ತೆಯಲ್ಲಿ ಅವನ ಸೈಕಲ್ಲಿನ ಮುಂದೆ ಹೋಗಿ ನಿಂತರು. ಸೆರಗು ಸಿಕ್ಕಿಸಿಕೊಂಡಾಗಿತ್ತು. ಮೊದಲು ಕನ್ನಡ, ಆಮೇಲೆ ತಮಿಳು, ಕೊನೆಗೆ “ಮಿಸ್ಟರ್, ಟ್ರೌಜರ್ ಗುಡ್, ಮನಿ ವೇರ್?” ಎಂದರು. ಸಿಪಾಯಿ ಕೊಟ್ಟ. ಕೊಟ್ಟು ಸಲಾಮನ್ನೂ ಹೊಡೆದ. ಆ ಸಲಾಮನ್ನು ಅವರು ಒಂದು ತಿಂಗಳು ಬೀದಿಯವರಿಗೆಲ್ಲ ಮಾಡಿ ತೋರಿಸಿದರು.

ನನ್ನನ್ನು ಅವರು ಕರೆಯುತ್ತಿದ್ದದ್ದು “ಬರೆಯೋರೇ” ಎಂದು. ನನ್ನ ಹೆಸರು ಅವರಿಗೆ ಗೊತ್ತಿತ್ತೋ ಇಲ್ಲವೋ ನಾನು ಕೇಳಲಿಲ್ಲ.

ಅವರ ಗಂಡ ಸೈನ್ಯದ ಕುದುರೆಗಳಿಗೆ, ಹೇಸರಗತ್ತೆಗಳಿಗೆ ಹುಲ್ಲು ಒದಗಿಸುವ ಕಂತ್ರಾಟುದಾರರು. ಕೆಟ್ಟ ಮನುಷ್ಯರೆಂದು ನಾನು ಹೇಳಲಾರೆ. ಮಕ್ಕಳಾಗಲಿಲ್ಲವೆಂದು ಇನ್ನೊಂದು ಮದುವೆಯಾದರು. ಅದನ್ನು ತಪ್ಪೆಂದು ಆಗ ಯಾರೂ ಹೇಳುತ್ತಿರಲಿಲ್ಲ, ಇವರೂ ಹೇಳಲಿಲ್ಲ. ಹೊಸ ಹೆಂಡತಿ ಬಂದ ದಿನ ಆಕೆಗೆ ತಾವೇ ಆರತಿ ಎತ್ತಿ ಒಳಗೆ ಕರೆದುಕೊಂಡರು. ಅಡುಗೆಮನೆಯಲ್ಲಿ ಯಾವ ಡಬ್ಬಿಯಲ್ಲಿ ಏನಿದೆ ಎಂದು ಒಂದೊಂದಾಗಿ ತೋರಿಸಿಕೊಟ್ಟರು. ಆಮೇಲೆ ತಮ್ಮ ಟ್ರಂಕನ್ನು ಜಟಕಾಕ್ಕೆ ಹಾಕಿಸಿಕೊಂಡು ತಂಗಿಯ ಮನೆಗೆ ಹೊರಟುಬಿಟ್ಟರು. “ಆ ಹುಡುಗಿ ಮೇಲೆ ನಂಗೇನೂ ಸಿಟ್ಟಿಲ್ಲ ಬರೆಯೋರೇ. ಒಂದು ಒಲೆ ಮುಂದೆ ಇಬ್ಬರು ಕೂರೋಕಾಗಲ್ಲ, ಅಷ್ಟೇ” ಎಂದು ಒಮ್ಮೆ ನನಗೆ ಹೇಳಿದ್ದರು.

ಹಿರಿಯರು ಸೇರಿ ತೀರ್ಮಾನ ಮಾಡಿದರು. ಹಲಸೂರಿನಲ್ಲಿ ಗಂಡನಿಗೆ ಸೇರಿದ ಒಂದು ಮನೆ ಇತ್ತು. ಅದರಲ್ಲಿ ಎರಡು ಭಾಗ ಬಾಡಿಗೆಗೆ, ಒಂದು ಭಾಗ ಖಾಲಿ. ಅದನ್ನು ಇವರ ಜೀವನಾಂಶಕ್ಕೆ ಬರೆದುಕೊಡುವುದೆಂದಾಯಿತು. ಪತ್ರ ಬರೆಯಲು ನನ್ನನ್ನು ಕರೆದರು. ನಾನು ಕರಡಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದೆ: ಗಂಡಹೆಂಡಿರು ಒಪ್ಪಿ ಬೇರೆ ಬೇರೆ ವಾಸ ಮಾಡುವುದರಿಂದ ಹೆಂಡತಿಯ ಜೀವನಾಂಶಕ್ಕೆ ಕೊಟ್ಟ ಮನೆ. ಓದಿ ಹೇಳಿದ ಕೂಡಲೇ ಗಂಡನ ದೊಡ್ಡಪ್ಪ, ಕೆ.ಆರ್. ಪುರದ ಯಜಮಾನರು, ಕೈ ಎತ್ತಿದರು.

“ಅದನ್ನ ಹೊಡೆದುಹಾಕಯ್ಯ. ನಮ್ಮ ವಂಶದಲ್ಲಿ ಹೆಂಡ್ತಿ ಬಿಟ್ಟೋರು ಯಾರೂ ಇಲ್ಲ.”

“ಮತ್ತೆ ಏನಂತ ಬರೀಲಿ ಯಜಮಾನ್ರೇ?”

“ಪ್ರೀತಿ ವಿಶ್ವಾಸದಿಂದ ಅರಿಸಿನ ಕುಂಕುಮಕ್ಕೆ ಕೊಟ್ಟಿದ್ದು ಅಂತ ಬರಿ. ಎಲ್ಲಾರೂ ಬರ್ಸೋದು ಹಂಗೇ ತಾನೆ?”

ಅವರು ಹೇಳಿದ್ದು ನಿಜ. ಗಂಡನ ಮನೆ ಬಿಟ್ಟ ಹೆಣ್ಣಿಗೆ ಆಸ್ತಿ ಕೊಡುವಾಗ ಹಾಗೆ ಬರೆಯುವುದೇ ನಮ್ಮ ಕಡೆಯ ವಾಡಿಕೆ. ಅಂಥ ಪತ್ರಗಳನ್ನು ನಾನು ಅದಕ್ಕೆ ಮೊದಲು ಎಷ್ಟೋ ಬರೆದಿದ್ದೆ. ಕಂಬದ ಹಿಂದೆ ನಿಂತಿದ್ದ ಇವರು ಒಂದೇ ಒಂದು ಮಾತು ಕೇಳಿದರು. “ಹಂಗೆ ಬರೆದ್ರೆ ಮನೆ ನಂದಾಗುತ್ತಾ ಬರೆಯೋರೇ?”

“ಆಗುತ್ತೆ ಅಕ್ಕಾ.”

“ಹಂಗಾದ್ರೆ ಏನಾದ್ರೂ ಬರ್ಕೊಳ್ಳಿ.”

ಬರೆದೆ. ಹೆಬ್ಬೆಟ್ಟು, ರುಜು, ಸಾಕ್ಷಿ, ರಿಜಿಸ್ಟರು ಎಲ್ಲ ಒಂದೇ ದಿನದಲ್ಲಿ ಮುಗಿಯಿತು. ಅವರು ಖಾಲಿ ಇದ್ದ ಭಾಗಕ್ಕೆ ಬಂದರು. ಎರಡು ಬಾಡಿಗೆಯಲ್ಲಿ ಜೀವನ ನಡೆಯಿತು.

ಯುದ್ಧ ಬಂತು. ಕುದುರೆಗಳು ಹೆಚ್ಚಾದವು, ಹುಲ್ಲಿನ ಕಂತ್ರಾಟು ಬೆಳೆಯಿತು. ಅದರ ಹಿಂದೆಯೇ ಆದಾಯ ತೆರಿಗೆಯವರ ನೋಟೀಸೂ ಬಂತು. ಒಂದು ಸಂಜೆ ಗಂಡ ಆ ಕಾಗದ ಹಿಡಿದುಕೊಂಡು ಇವರ ಬಾಗಿಲಿಗೆ ಬಂದರು. ಹೊಸ್ತಿಲು ದಾಟಲಿಲ್ಲ, ಬೀದಿಯಲ್ಲೇ ನಿಂತು ಮಾತಾಡಿದರು. ನಾನು ಎದುರಿನ ನಮ್ಮ ಮನೆಯ ಜಗಲಿಯಲ್ಲಿದ್ದೆ.

“ನಿನಗೆ ಕೊಟ್ಟ ಮನೆ ಬಾಡಿಗೇನೂ ನನ್ನ ಸಂಪಾದನೆಗೆ ಸೇರಿಸ್ತಾರಂತೆ ಕಣೇ. ಬಾಡಿಗೆ ಎಣಿಸ್ಕೊಳ್ಳೋಳು ನೀನು, ತೆರಿಗೆ ಕಟ್ಟೋನು ನಾನು. ಇದ್ಯಾವ ಸೀಮೆ ನ್ಯಾಯ?”

“ನಾನು ಸೇರಿಸಿ ಅಂದ್ನಾ?”

“ಮನೆ ನನಗೆ ಬರೆದುಕೊಟ್ಬಿಡು. ತಿಂಗಳು ತಿಂಗಳು ಕೈಗೆ ಕೊಡ್ತೀನಿ.”

ಇವರು ಸೆರಗು ಸಿಕ್ಕಿಸಿಕೊಂಡರು. ಬೀದಿ ನಿಂತು ನೋಡಿತು. “ನನ್ನ ಬಾಡಿಗೆಗೆ ಇನ್ನೊಬ್ಬರು ತೆರಿಗೆ ಕಟ್ಟೋದು ನಂಗೂ ಬೇಡ. ಆಫೀಸರು ನಿಮ್ಮ ತಲೆ ಮೇಲೇ ಹಾಕಿದ್ರೆ ಮಾರನೇ ದಿನ ಮನೆ ಬರೆದುಕೊಡ್ತೀನಿ. ಹೋಗಿ” ಎಂದರು.

ಬರೆದುಕೊಟ್ಟ ಮನೆಯನ್ನು ಗಂಡ ತಾನಾಗಿ ಕಿತ್ತುಕೊಳ್ಳಲು ಕಾನೂನಿನಲ್ಲಿ ಆಗುತ್ತಿರಲಿಲ್ಲ. ಅದನ್ನು ನಾನು ಅವರಿಗೆ ಹೇಳಿದೆ. “ಗೊತ್ತು. ಆದ್ರೆ ಮಾತು ಆಡಿಬಿಟ್ಟೆನಲ್ಲ” ಎಂದರು. ಅವರು ಆಡಿದ ಮಾತಿನಿಂದ ಹಿಂದೆ ಹೋದದ್ದನ್ನು ನಾನು ಕಂಡಿಲ್ಲ. ಆ ಮನೆ ಬಿಟ್ಟರೆ ಅವರಿಗೆ ಬೇರೆ ಆಧಾರವಿರಲಿಲ್ಲ. ತಿಂಗಳು ತಿಂಗಳು ಕೈಗೆ ಕೊಡುವುದು ಎಷ್ಟು ತಿಂಗಳು ನಡೆಯುತ್ತದೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆಮೇಲೆ “ಯಾಕಂತೆ ಅವರ ಲೆಕ್ಕಕ್ಕೆ ಸೇರ್ಸೋದು?” ಎಂದು ಕೇಳಿದರು.

“ಗಂಡ ಹೆಂಡ್ತಿಗೆ ಪ್ರೀತಿಯಿಂದ ಆಸ್ತಿ ಕೊಟ್ರೆ ಅದರ ಉತ್ಪತ್ತಿ ಗಂಡನದ್ದೇ ಅಂತ ಎಣಿಸ್ತಾರಂತೆ ಅಕ್ಕಾ. ಇಲ್ದಿದ್ರೆ ಎಲ್ಲರೂ ಹೆಂಡ್ತಿ ಹೆಸರಿಗೆ ಬರೆದು ತೆರಿಗೆ ತಪ್ಪಿಸ್ಕೋತಾರೆ ಅಂತ.”

“ಪ್ರೀತಿಯಿಂದ ಕೊಟ್ರೆ ಅವರದ್ದು. ಹಂಗಾದ್ರೆ ಪ್ರೀತಿ ಇಲ್ದೆ ಕೊಟ್ರೆ?”

ಗೊತ್ತಿಲ್ಲ ಎಂದೆ. ಆದರೆ ಆ ಪ್ರಶ್ನೆ ನನ್ನನ್ನು ಕೂರಲು ಬಿಡಲಿಲ್ಲ. ಬ್ಲ್ಯಾಕ್‌ಪಳ್ಳಿಯಲ್ಲಿ ಒಬ್ಬ ಆಡಿಟರ ಗುಮಾಸ್ತೆ ನನಗೆ ಪರಿಚಯ. ಅಂದು ರಾತ್ರಿಯೇ ಅವನ ಮನೆಗೆ ಹೋಗಿ ಕಾನೂನಿನ ಪುಸ್ತಕ ತೆಗೆಸಿದೆ. ಅವನು ಬೆರಳಿಟ್ಟು ಓದಿ ಅರ್ಥ ಹೇಳಿದ: ಗಂಡಹೆಂಡಿರು ಬೇರೆ ಇರಲು ಒಪ್ಪಿ, ಆ ಒಪ್ಪಂದದ ಮೇಲೆ ಕೊಟ್ಟ ಆಸ್ತಿಯಾದರೆ ಅದರ ಉತ್ಪತ್ತಿ ಗಂಡನದಲ್ಲ, ಹೆಂಡತಿಯದೇ.

ಸಂತೋಷವೂ ಭಯವೂ ಒಟ್ಟಿಗೇ ಬಂದವು. ಹಿರಿಯರು ಯಾವ ಮಾತನ್ನು ಮಾನಕ್ಕೆ ಅಂಜಿ ಹೊಡೆದುಹಾಕಿಸಿದ್ದರೋ ಅದೇ ಮಾತು ಮನೆಯನ್ನು ಉಳಿಸುತ್ತಿತ್ತು. ಅದನ್ನು ಹೊಡೆದುಹಾಕಿದ ಕೈ ನನ್ನದು.

ಬೆಳಿಗ್ಗೆ ಎದ್ದವನೇ ಅವರ ಮನೆಗೆ ಹೋಗಿ ಹೇಳಿದೆ. ಅವರು ರಾಗಿ ಕೇರುತ್ತಿದ್ದರು. ಮೊರವನ್ನು ಕೆಳಗಿಟ್ಟು ಎದ್ದು ನಿಂತರು. “ಅಂದ್ರೆ, ಜಗಳ ಆಡಿದೀವಿ ಅಂತ ತೋರಿಸಿದ್ರೆ ಮನೆ ಉಳಿಯುತ್ತೆ?”

“ಜಗಳ ಅಂತಲ್ಲ ಅಕ್ಕಾ. ಬೇರೆ ಇರೋಕೆ ಒಪ್ಪಿದ್ದು.”

“ಎರಡೂ ಆಗಿದೆಯಲ್ಲ” ಎಂದು ನಕ್ಕರು. “ಯಾರು ಸಾಕ್ಷಿ ಹೇಳ್ಬೇಕು?”

“ನಾನು ಹೇಳ್ತೀನಿ. ಹೊಡೆದುಹಾಕಿದ ಕರಡು ನನ್ನ ಕಟ್ಟಿನಲ್ಲಿದೆ. ಆದ್ರೆ ಹೊಡೆದುಹಾಕಿಸಿದವರು ಹೇಳಿದ್ರೆ ಅದರ ತೂಕ ಬೇರೆ.”

ಅಂದೇ ಬೆಳಿಗ್ಗೆ ಹನ್ನೊಂದು ಗಂಟೆಗೆ ವಿಚಾರಣೆಯೆಂದು ನೋಟೀಸಿನಲ್ಲಿತ್ತು. ಯಜಮಾನರು ಇದ್ದದ್ದು ಕೆ.ಆರ್. ಪುರದಲ್ಲಿ. ಅದು ಮೈಸೂರು ಸೀಮೆ. ಇಂಗ್ಲಿಷರ ಆಡಳಿತದಲ್ಲಿದ್ದ ನಮ್ಮ ದಂಡಿನ ಎಲ್ಲೆ ದಾಟಿದರೆ ಇಲ್ಲಿನ ಆಫೀಸರ ಕಾಗದ ಅಲ್ಲಿ ನಡೆಯದು ಎಂದು ಗುಮಾಸ್ತೆ ಹೇಳಿದ್ದ. ಮುದುಕರು ತಾವಾಗಿಯೇ ಮನಸ್ಸು ಮಾಡಿ ಬರಬೇಕು. ನಾನು ಇದನ್ನೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಇವರು ಪಕ್ಕದ ಬಾಗಿಲು ತಟ್ಟಿ ಜಟಕಾ ಸಾಹೇಬರನ್ನು ಎಬ್ಬಿಸಿದ್ದರು.

ಹಳೇ ಮದ್ರಾಸು ರಸ್ತೆಯಲ್ಲಿ ಆ ಜಟಕಾ ಹೋದ ಹಾಗೆ ನಾನು ಹಿಂದೆಂದೂ ಹೋಗಿರಲಿಲ್ಲ. ಕರಡಿನ ಕಟ್ಟನ್ನು ಎದೆಗೆ ಅವಚಿಕೊಂಡು ಒಂದು ಕೈಯಲ್ಲಿ ಕಂಬಿ ಹಿಡಿದಿದ್ದೆ. ಬಿನ್ನಮಂಗಲ ದಾಟಿದ ಮೇಲೆ ಎರಡು ಕಡೆಯೂ ಹೊಲ. ಇವರು ಸಾಹೇಬರ ಹಿಂದೆಯೇ ಮಂಡಿಯೂರಿ ಕೂತು ದಾರಿ ನೋಡುತ್ತಿದ್ದರು.

“ಸ್ವಲ್ಪ ಜೋರು ಭಾಯಿ.”

“ಅಕ್ಕಾ, ಇದು ಕುದುರೆ, ರೈಲು ಅಲ್ಲ.”

“ರೈಲಾಗಿದ್ರೆ ಇಷ್ಟೊತ್ತಿಗೆ ಸ್ಟೇಷನ್ನಲ್ಲೇ ಕಾಯ್ತಾ ಇರ್ತಿದ್ವಿ. ಹೊಡೀರಿ.”

ಬೆನ್ನಿಗಾನಹಳ್ಳಿ ಕೆರೆಯ ಏರಿಯ ಹತ್ತಿರ ಪೆಟ್ರೋಲಿನ ಬದಲು ಇದ್ದಿಲಿನಿಂದ ಓಡುವ ಬಸ್ಸೊಂದು ಹೊಗೆ ಬಿಡುತ್ತ ನಿಂತಿತ್ತು. ಪ್ರಯಾಣಿಕರು ಇಳಿದು ತಳ್ಳುತ್ತಿದ್ದರು. ಇವರು ತಲೆ ಹೊರಗೆ ಹಾಕಿ, “ಪುರದಲ್ಲಿ ಯಾರಿಗಾದ್ರೂ ಏನಾದ್ರೂ ಹೇಳ್ಬೇಕೇನ್ರಪ್ಪಾ? ನಾವು ಮುಂಚೆ ಹೋಗ್ತಾ ಇದೀವಿ” ಎಂದರು. ತಳ್ಳುತ್ತಿದ್ದವರು ನಗುತ್ತ ಕೈ ಬಿಟ್ಟರು. ಮನೆ ಹೋಗುತ್ತದೋ ಉಳಿಯುತ್ತದೋ ಎಂಬ ದಿನ ಒಬ್ಬರು ಹೀಗೆ ಇರಬಲ್ಲರೆಂದು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಯಜಮಾನರು ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

“ಯಾರಮ್ಮ, ಹಲಸೂರಿನವಳಾ? ದಾರಿ ತಪ್ಪಿ ಬಂದ್ಯಾ?”

“ನೀವು ತಪ್ಪಿಸಿದ ದಾರೀನ ಸರಿಮಾಡ್ಸೋಕೆ ಬಂದೆ ಮಾವ.”

ನಾನು ವಿಷಯ ಹೇಳಿದೆ. ಮುದುಕರು ಎಲೆಯನ್ನು ಬಾಯಿಗೆ ಹಾಕಲಿಲ್ಲ, ಕೈಯಲ್ಲೇ ಹಿಡಿದುಕೊಂಡರು. “ಕಚೇರೀಲಿ ನಿಂತು ನಮ್ಮ ಸೊಸೆ ಬೇರೆ ಇದ್ದಾಳೆ ಅಂತ ನಾನು ಹೇಳ್ಲಾ? ಮೊಮ್ಮಕ್ಕಳು ಮೂರು ಜನ ಮದುವೆಗೆ ಇದ್ದಾರೆ. ನಾಳೆ ಯಾರು ಬಂದು ಹೆಣ್ಣು ಕೇಳ್ತಾರೆ ಈ ಮನೇಲಿ?”

“ಏಳು ವರ್ಷದಿಂದ ನಾನು ಬೇರೆ ಇರೋದು ಈ ಸೀಮೆಗೆಲ್ಲ ಗೊತ್ತು ಮಾವ. ಗೊತ್ತಿಲ್ದೇ ಇರೋನು ಆ ತೆರಿಗೆ ಆಫೀಸರ್ ಒಬ್ಬನೇ. ಅವನೇನು ನಿಮ್ಮ ಮನೆಗೆ ಹೆಣ್ಣು ಕೇಳೋಕೆ ಬರ್ತಾನಾ?”

ಒಳಗಿನಿಂದ ಯಾವುದೋ ಹೆಂಗಸು ನಕ್ಕಳು. ಮುದುಕರು ಅತ್ತ ತಿರುಗಿ ನೋಡಿದರು. ಇವರು ಆಗ ದನಿ ತಗ್ಗಿಸಿದರು. “ಅವತ್ತು ನಿಮ್ಮ ಮಾನಕ್ಕೆ ಅಂತ ನಾನು ಸುಮ್ಮನಿದ್ದೆ ಮಾವ. ಒಂದು ಮಾತೂ ಆಡ್ಲಿಲ್ಲ. ಇವತ್ತು ನನ್ನ ಅನ್ನಕ್ಕೆ ಅಂತ ನೀವು ಒಂದು ಮಾತು ಆಡಿ.”

ಜಟಕಾದ ಕುದುರೆ ಎರಡು ಸಲ ಕೆನೆಯಿತು. ಆಮೇಲೆ ಮುದುಕರು, “ನನ್ನ ಕೋಟು ಕೊಡ್ರೇ” ಎಂದು ಒಳಗೆ ಕೂಗಿದರು.

ಹನ್ನೊಂದಕ್ಕೆ ಹತ್ತು ನಿಮಿಷವಿದ್ದಾಗ ನಾವು ಕಚೇರಿಯ ಮೆಟ್ಟಿಲು ಹತ್ತಿದೆವು. ಗಂಡ ಮೊದಲೇ ಬಂದು ಬೆಂಚಿನ ಮೇಲೆ ಕೂತಿದ್ದರು. ದೊಡ್ಡಪ್ಪನನ್ನು ಕಂಡು ಎದ್ದು ನಿಂತು, ಮತ್ತೆ ಕೂತರು.

ಆಫೀಸರು ವಯಸ್ಸಾದ ತಮಿಳರು. ಕನ್ನಡವನ್ನು ಬಿಡಿಸಿ ಬಿಡಿಸಿ ಆಡುತ್ತಿದ್ದರು. ಮೊದಲು ಗಂಡನೇ ಕೇಳಿದರು: “ಸ್ವಾಮಿ, ಮನೆ ವಾಪಸ್ ತಗೊಂಡು ಇವಳಿಗೆ ತಿಂಗಳಿಗಿಷ್ಟು ಅಂತ ಕೊಟ್ರೆ, ಅದನ್ನ ನನ್ನ ಲೆಕ್ಕದಲ್ಲಿ ಕಳೀತೀರಾ?”

“ಇಲ್ಲ. ಸಂಪಾದನೆ ನಿಮ್ಮ ಕೈಗೆ ಬಂದು ಸೇರಿದ ಮೇಲೆ ಹೆಂಡತಿಗೆ ಕೊಡಿ, ಸಿನಿಮಾಕ್ಕೆ ಕೊಡಿ, ನನಗೆ ಒಂದೇ. ತೆರಿಗೆ ನಿಮ್ಮದೇ.”

ಗಂಡನ ಮುಖ ಬಾಡಿತು. ಮನೆ ವಾಪಸ್ ಬಂದರೂ ತೆರಿಗೆ ತಪ್ಪದೆಂದು ಅವರಿಗೆ ಆಗ ತಿಳಿಯಿತು.

ಆಮೇಲೆ ನನ್ನನ್ನು ಕರೆದರು. ಕರಡು ತೋರಿಸಿದೆ. ಹೊಡೆದುಹಾಕಿದ ಸಾಲನ್ನು ಆಫೀಸರು ಕಿಟಕಿಯ ಬೆಳಕಿಗೆ ಹಿಡಿದು ಓದಿಸಿಕೊಂಡರು.

“ಇದು ನಿಜ, ರಿಜಿಸ್ಟರ್ ಆದ ಪತ್ರದಲ್ಲಿ ಇರುವುದು ನಿಜವಲ್ಲ ಎನ್ನುತ್ತೀರಿ.”

“ಹೌದು ಸ್ವಾಮಿ.”

“ಗೊತ್ತಿದ್ದೂ ಬರೆದಿರಿ.”

“ಹೌದು ಸ್ವಾಮಿ. ಹಾಗೆ ಬರೆಯೋದು ವಾಡಿಕೆ.”

ಅವರು ನನ್ನನ್ನು ಬೈಯಲಿಲ್ಲ. ನನ್ನ ಉತ್ತರವನ್ನು ಹಾಗೇ ಬರೆದುಕೊಂಡರು. ಬೇರೆಯವರ ಮಾತುಗಳನ್ನು ದಿನವೂ ಬರೆಯುವ ನಾನು ನನ್ನ ಮಾತು ಕಾಗದಕ್ಕೆ ಹೋಗುವುದನ್ನು ಮೊದಲ ಸಲ ನೋಡಿದೆ. ಆ ದಿನದಿಂದ ನಾನು ಅಂಥ ಪತ್ರ ಬರೆಯುವ ಮೊದಲು ಹೆಂಗಸರನ್ನು ಕಂಬದ ಈಚೆಗೆ ಕರೆದು ಕೇಳುತ್ತೇನೆ.

ಯಜಮಾನರು ಎದ್ದು, “ನಾನೇ ಬರ್ಸಿದ್ದು ಸ್ವಾಮಿ, ಮಾನಕ್ಕೆ. ಬೇರೆ ಇರೋದು ಅಂತ ಅವತ್ತೇ ಆಗಿತ್ತು” ಎಂದು ಹೇಳಿ ಕೂತರು.

ಇನ್ನು ಗಂಡ. “ನೀವು ಹೇಳಿ. ಇವರು ನಿಮ್ಮಿಂದ ಬೇರೆ ಇದ್ದಾರೆಯೇ?”

ತಮ್ಮ ತೆರಿಗೆ ಕಡಿಮೆಯಾಗುವ ಮಾತು ಅದು. ಆದರೂ ದೊಡ್ಡಪ್ಪ, ಗುಮಾಸ್ತರು, ಜವಾನ ಇಷ್ಟು ಜನರ ಮುಂದೆ ಅದನ್ನು ಒಪ್ಪಲು ಅವರಿಗೆ ಬಾಯಿ ಬರಲಿಲ್ಲ. ನೆಲ ನೋಡುತ್ತ, “ಹೆಂಡ್ತಿ ಅಂದ್ಮೇಲೆ... ಹೋಗಿ ಬಂದು ಇರ್ತೀವಿ ಸ್ವಾಮಿ” ಎಂದರು.

ಆಫೀಸರು ಲೇಖನಿ ಎತ್ತಿಕೊಂಡರು. ಆ ಮಾತು ಬರೆದುಕೊಂಡರೆ ಮುಗಿಯಿತು. ಇವರು ಮುಂದೆ ಬಂದರು. ಸೆರಗು ಸಿಕ್ಕಿಸಿಕೊಂಡಿರಲಿಲ್ಲ.

“ಒಂದ್ನಿಮಿಷ ಸ್ವಾಮಿ” ಎಂದು ಗಂಡನ ಕಡೆ ತಿರುಗಿದರು. “ಏನ್ರೀ, ನಾನು ನಿಮಗೆ ಕೊನೇ ಸಲ ಊಟಕ್ಕೆ ಬಡಿಸಿದ್ದು ಯಾವತ್ತು ಹೇಳಿ.”

ಗಂಡ ತಲೆ ಎತ್ತಿದರು. ಯೋಚಿಸಲೇ ಇಲ್ಲ. “ಅವಳು ಬರೋ ಹಿಂದಿನ ದಿನ. ಮುದ್ದೆ, ಹುರುಳಿಕಾಳು ಬಸ್ಸಾರು.”

“ಆಮೇಲೆ?”

“ಆಮೇಲೆ ಇಲ್ಲ.”

“ಎಷ್ಟು ವರ್ಷ ಆಯ್ತು?”

“ಏಳು.” ಆಫೀಸರ ಕಡೆ ನೋಡಿ, “ಬರ್ಕೊಳ್ಳಿ ಸ್ವಾಮಿ. ಬೇರೆ ಇದ್ದಾಳೆ” ಎಂದರು.

ಇವರು ಜಟಕಾ ಓಡಿಸಿಕೊಂಡು ಬಂದದ್ದು ಆ ಮಾತಿಗೇ. ಅದು ಬಂದಾಗ ಅವರ ಮುಖವನ್ನು ನಾನು ನೋಡಿದೆ. ಏನು ಕಂಡೆ ಎಂದು ನಿಖರವಾಗಿ ಹೇಳಲಾರೆ. ಸೆರಗಿನ ತುದಿಯನ್ನು ತೋರುಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ಹೊರಗೆ ಬಂದ ಮೇಲೆ ಮೆಟ್ಟಿಲಿನ ಮೇಲೆ ಕೂತರು. ಜಟಕಾ ಸಾಹೇಬರು ಕರೆದರೂ ಸ್ವಲ್ಪ ಹೊತ್ತು ಏಳಲಿಲ್ಲ.

ಕೆಲವು ವಾರಗಳ ಮೇಲೆ ಆಜ್ಞೆ ಬಂತು. ಗಂಡ ಅದನ್ನು ಸಾಹೇಬರ ಕೈಯಲ್ಲಿ ಇವರಿಗೆ ಕಳಿಸಿದರು. ನಾನು ಓದಿ ಹೇಳಿದೆ: ಮನೆಯ ಬಾಡಿಗೆ ಗಂಡನ ಆದಾಯಕ್ಕೆ ಸೇರುವುದಿಲ್ಲ, ಹೆಂಡತಿಯದೇ. ಇವರ ಆದಾಯ ಅಷ್ಟೇ ಆದ್ದರಿಂದ ಇವರಿಗೆ ತೆರಿಗೆಯೂ ಬೀಳುತ್ತಿರಲಿಲ್ಲ.

“ಇನ್ನು ವಾಪಸ್ ಬರೆದುಕೊಡೋ ಮಾತಿಲ್ಲ, ಅಲ್ವಾ?”

“ಇಲ್ಲ ಅಕ್ಕಾ.”

“ಗಟ್ಟಿ ತಾನೆ? ಇನ್ನೊಂದು ಸಲ ಓದಿ.”

ಮತ್ತೆ ಓದಿದೆ. ಅವರು ಕಾಗದ ಇಸಿದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ನಿಂತೇ ಇದ್ದೆ. ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಮುಖ ತೊಳೆದುಕೊಂಡಿದ್ದರು. “ಗಾರೆ ಕೆಲಸದವರು ಯಾರಾದ್ರೂ ಗೊತ್ತಾ ಬರೆಯೋರೇ? ನಾಳೇನೇ ಬೇಕು” ಎಂದರು.

ಅವರ ಅಡುಗೆಮನೆಗೆ ಕಿಟಕಿಯೇ ಇರಲಿಲ್ಲವೆಂದು ನನಗೆ ತಿಳಿದದ್ದು ಮಾರನೇ ದಿನ. ಬಂದ ದಿನದಿಂದ ಆ ಕತ್ತಲಲ್ಲೇ, ಆ ಹೊಗೆಯಲ್ಲೇ ಬೇಯಿಸಿದ್ದರು. ಯಾವತ್ತು ಯಾರು ಬಿಡು ಎನ್ನುತ್ತಾರೋ ಎಂದು ಗೋಡೆಗೆ ಒಂದು ಮೊಳೆಯನ್ನೂ ಹೊಡೆಸಿರಲಿಲ್ಲವಂತೆ. ಗಾರೆಯವನು ಬೀದಿಯ ಕಡೆಯಿಂದ ಉಳಿ ಇಟ್ಟು ಬಡಿಯತೊಡಗಿದ. ದರ್ಜಿ ಹೊಲಿಗೆ ಬಿಟ್ಟು ಬಂದ, ಸಾಹೇಬರು ಕುದುರೆ ಕಟ್ಟಿ ಬಂದರು, ಅರ್ಧ ಬೀದಿ ಬಂದು ನಿಂತಿತು. ಇವರು ಒಳಗಿನಿಂದ “ಇನ್ನೂ ಮೇಲೆ, ಇನ್ನೂ ಅಗಲ” ಎಂದು ಕೂಗುತ್ತಲೇ ಇದ್ದರು. ಮೊದಲ ಇಟ್ಟಿಗೆ ಒಳಗೆ ಬಿತ್ತು. ಧೂಳು ಇಳಿದ ಮೇಲೆ ಆ ತೂತಿನಿಂದ ಒಂದು ಕೈ ಹೊರಗೆ ಬಂತು. ಕೈಯಲ್ಲಿ ಕಾಫಿಯ ಲೋಟ ಇತ್ತು.

“ಬರೆಯೋರೇ, ಇದ್ದೀರಾ? ತಗೊಳ್ಳಿ, ಆರಿಹೋಗುತ್ತೆ.”

ತೆಗೆದುಕೊಂಡೆ. ಮೇಲೆಲ್ಲ ಇಟ್ಟಿಗೆಯ ಪುಡಿ ಬಿದ್ದಿತ್ತು. ಊದಿ ಕುಡಿದೆ.